ಹಡಗು ಮುಳುಗೂ ಹೊತ್ತಿಗೆ ಒಂಟಿ ಸೀನು

ದೆವ್ವದ ಜೋಡಿ ಕೆಲಸ ಮಾಡೂದು ಸರಳ, ನಮ್ಮ ಮನಿ ಮಂದಿ ಜೋಡಿ ಮಾಡೂದು ಕಷ್ಟ. ಇಂಥಾವು ಒಂದಲ್ಲ ಎರಡಲ್ಲ, ದಿನಾ ನಡೀತಾವ. ಸಿಟ್ಟು ತಡಕೊಳ್ಳಾಕ ಆಗದ ಹೇಳಾಕತ್ತೀನಿ. ನಗೂದಿದ್ರ ನೀವು ನಗ್ರಿ, ನನಗಂತೂ ನಗು ಬರೂದಿಲ್ಲ.

ನಿಂಬಿಹಣ್ಣು

ಬೇಗಂಪೇಟೆಯ ಒಂದು ಸಣ್ಣ ಆಫೀಸಿಗೆ ವಿಡಿಯೋ ಗೇಮ್ ಆಡಿ ತಪ್ಪು ಹುಡುಕಿ ಕೊಡೂದು ನನ್ನ ಕೆಲಸ. ಈ ಸಲ ಬಂದದ್ದು ಸಮುದ್ರದ ದೆವ್ವದ ಆಟ. ಮುಳುಗಾಕತ್ತಿದ ಹಡಗಿನಾಗ ಒಬ್ಬ ಕ್ಯಾಪ್ಟನ್, ಅವನ ಬೆನ್ನು ಹತ್ತಿದ ಸತ್ತ ಹೆಂಗಸು. ನೀವು ಹೆಂಗ ಆಡ್ತೀರಿ ಅನ್ನೂದರ ಮ್ಯಾಲೆ ಮೂರು ಥರದ ಮುಕ್ತಾಯ. ಕ್ಯಾಪ್ಟನ್ ಮುಳುಗ್ತಾನ, ಇಲ್ಲಾ ತಾನೂ ದೆವ್ವ ಆಗ್ತಾನ, ಇಲ್ಲಾ ಓಡಿ ದಂಡಿ ಸೇರ್ತಾನ.

ನಾಚಾರಂನ ನಮ್ಮ ಓಣ್ಯಾಗ ಅತ್ತಿ ಎಲ್ಲಾರಿಗೂ, "ಸೊಸಿ ಮನ್ಯಾಗ ಕುಂತು ಆಟ ಆಡ್ತಾಳ್ರಿ" ಅಂತ ಹೇಳ್ತಿದ್ರು. ನನಗ ಮೈ ಉರೀತು.

"ಅತ್ತಿ, ಅದು ಕೆಲಸ ಅಂತ ಹೇಳ್ರಿ!"

ಮರುದಿನ ಬಾಜೂ ಮನಿಯಾಕಿಗೆ ಹೇಳಿದ್ರು: "ನಮ್ಮ ಸೊಸೀದು ದೆವ್ವದ ಕೆಲಸ ಐತ್ರಿ."

ಸಂಜಿಗೆ ಆಕಿ ಜ್ವರ ಬಂದ ಮೊಮ್ಮಗನ್ನ ಎತ್ತಿಕೊಂಡು ನಮ್ಮ ಬಾಗಿಲಿಗೆ ಬಂದ್ಲು, ನಿಂಬಿಹಣ್ಣು ಸಮೇತ.

ಮ್ಯಾನೇಜರ್ ಸಾಹೇಬರ ಸಮುದ್ರ

"ಸರ್, ಹಡಗಿನೊಳಗ ನೀರು ನುಗ್ಗೂ ಸಪ್ಪಳ ಖರೇ ಅನ್ನಸೂದಿಲ್ಲ" ಅಂತ ಹಿಂದಿಯೊಳಗ ಹೇಳಿದೆ, ಕನ್ನಡ ಬರೂದಿಲ್ಲ ಅವಗ.

"ಅರೇ, ಖರೇ ನೀರೇ ಅದು. ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬಂದಾಗ ರೆಕಾರ್ಡ್ ಮಾಡೀನಿ."

"ಹಂಗಾರ ಹಿಂದ ಒಬ್ಬಾಂವ 'ಪೈಪ್ ಪಕಡೋ' ಅಂತ ಒದರಾಕತ್ತಾನಲ್ರಿ?"

"ಅಂವ ಹಡಗಿನ ನೌಕರ ಅನ್ಕೋ" ಅಂದ ಪುಣ್ಯಾತ್ಮ.

ಮ್ಯಾಲೆ ಧಮಕಿ ಬೇರೆ. ದಂಡಿ ಸೇರೂ ಮುಕ್ತಾಯ ನಡುವೆ ಎಲ್ಲೂ ಕಟ್ ಇಲ್ಲದ, ಆಡೋರ ದನಿ ಸಮೇತ ರೆಕಾರ್ಡ್ ಮಾಡಿ ಕೊಡಬೇಕು. ಶುಕ್ರವಾರ ಮುಂಬೈದಿಂದ ಆಟ ಕೊಳ್ಳೋರು ಬರ್ತಾರ. ಅವರಿಗೆ ಪಸಂದ್ ಆದ್ರ ನನ್ನ ನೌಕರಿ ಪರ್ಮನೆಂಟ್, ಇಲ್ಲಂದ್ರ ಮನಿಗೆ. ಟ್ಯಾಂಕರ್ ನೀರನ್ನ ಸಮುದ್ರ ಮಾಡಿದಾಂವಗ ಮಾತ್ರ ನೌಕರಿ ಗಟ್ಟಿ!

ಒದ್ದಿ ಸೀರಿ

ಮನ್ಯಾಗ ಟಿವಿಗೆ ಹಚ್ಚಿ ಆಡಾಕ ಕುಂತೆ. ಸತ್ತ ಹೆಂಗಸು ನೀರು ಸುರಿಸಿಕೋತ ಬಂದ್ಲು. ಹಿಂದಿನಿಂದ ಅತ್ತಿ, "ಅಯ್ಯ ಪಾಪ, ಒದ್ದಿ ಸೀರ್ಯಾಗ ಎಷ್ಟೊತ್ತು ನಿಂದರತಾಳ, ನೆಗಡಿ ಆಗ್ತೈತಿ" ಅಂದ್ರು.

"ಅತ್ತಿ, ಆಕಿ ಸತ್ತಾಳ್ರಿ!"

"ಸತ್ತರೇನಾತು, ಹೆಣ್ಣಲ್ಲೇನು ಆಕಿ?"

ನಾ ಜಗಳಾಡಾಕ ಹೊಳ್ಳಿದೆ, ಇತ್ತ ಕ್ಯಾಪ್ಟನ್ ಮುಳುಗಿದ. ಮತ್ತ ಮೊದಲಿಂದ ಶುರು. ಅತ್ತಿ ಬಾಯಿ ಮ್ಯಾಲೆ ಬೆರಳಿಟ್ಟುಕೊಂಡು ಕುಂತ್ರು. ಹಡಗು ಅರ್ಧ ಮುಳುಗಿದಾಗ ಟಿವಿ ಮುಂದ ಬಂದು ನಿಂತು, ಒಂದು ಕೈಯಾಗ ಬದನಿಕಾಯಿ, ಇನ್ನೊಂದರಾಗ ಹೀರಿಕಾಯಿ ಹಿಡಿದು, ಯಾವುದು ಅಂತ ಕಣ್ಣಿನಾಗ ಕೇಳಿದ್ರು.

ಒಂಟಿ ಸೀನು

ಗುರುವಾರ ಮಧ್ಯಾಹ್ನ, ಕಡೇ ಸಲ. ಕ್ಯಾಪ್ಟನ್ ಕೈ ಬಾಗಿಲ ಮ್ಯಾಲೆ ಇತ್ತು, ಇನ್ನ ಓಡಿಸಬೇಕು. ಅಷ್ಟರಾಗ, ಮೂಲ್ಯಾಗ ಸುಮ್ನ ಪೇಪರ್ ಓದಾಕತ್ತಿದ್ದ ನಮ್ಮ ಮಾವ, "ಆಕ್ಷೀ!" ಅಂದ್ರು. ಒಂದೇ ಒಂದು.

ಅತ್ತಿ ಜಿಗಿದು ನನ್ನ ಕೈ ಹಿಡಿದ್ರು. "ಒಂಟಿ ಸೀನು! ಹೊಂಡಬ್ಯಾಡ. ಕುಂದ್ರು, ನೀರು ಕುಡಿ."

"ನಾ ಎಲ್ಲಿ ಹೊಂಟೀನ್ರಿ? ಹೊಂಟಾಂವ ಅಂವ!"

"ಹಂಗಾರ ಅವನ್ನ ಕುಂಡ್ರಸು."

ಅಳು ಬಂತು ನನಗ, ಸಿಟ್ಟಿಗೆ. ಹೋಗ್ಲಿ ಹಾಳಾಗಿ ಅಂತ ಕ್ಯಾಪ್ಟನ್ನನ್ನ ಅಲ್ಲೇ ಇದ್ದ ಕುರ್ಚಿ ಮ್ಯಾಲೆ ಕುಂಡ್ರಿಸಿ, ಅತ್ತಿ ಕೊಟ್ಟ ನೀರು ಕುಡಿದೆ.

ಆ ದೆವ್ವಕ್ಕ ಓಡೋರನ್ನ ಹಿಡಿಯೂದಷ್ಟ ಕಲಿಸಿದ್ರು. ಕುಂತಾಂವಗ ಏನು ಮಾಡಬೇಕಂತ ಯಾರೂ ಕಲಿಸಿರಲಿಲ್ಲ. ಬಂದು ಎದುರಿಗೆ ಸುಮ್ನ ನಿಂತ್ಲು. ಹಡಗು ಮುಳುಗೂದೂ ನಿಂತು ಹೋತು.

"ನೋಡು, ಮಾತಾಡಸೋರು ಇಲ್ಲ ಪಾಪ ಆಕಿಗೆ" ಅಂದ್ರು ಅತ್ತಿ.

"ಹೂಂ, ಈಗ ಹೊಂಡ್ಲಿ" ಅಂತ ಮಾವ ಅಪ್ಪಣಿ ಕೊಟ್ರು. ಕ್ಯಾಪ್ಟನ್ ಬೀಗರ ಮನಿಯಿಂದ ಹೊಂಟವರಂಗ ನಿಧಾನ ಎದ್ದು ಹೊಂಟ. ಆಕಿ ಬಾಗಿಲತನಕ ಬಂದು ನಿಂತ್ಲು. ಅಂವ ದಂಡಿ ಸೇರಿದ.

ಮತ್ತ ಆಡಾಕ ನನ್ನ ಕಡೆ ತ್ರಾಣ ಇರಲಿಲ್ಲ. ನೌಕರಿ ಹೋತು ಅಂತ ತಿಳಕೊಂಡು, ಸೀನು ಸಮೇತ ಅದನ್ನೇ ಕಳಿಸಿಬಿಟ್ಟೆ.

ಶುಕ್ರವಾರ ಮುಂಬೈದವರು ಕಣ್ಣು ಮಿಟುಕಿಸದ ನೋಡಿದ್ರು. ಮೈಕಿನಾಗಿನ ಕನ್ನಡ ಅಲ್ಲಿ ಯಾರಿಗೂ ತಿಳೀಲಿಲ್ಲ. "ದೆವ್ವದ ಎದುರಿಗೆ ಕುಂಡ್ರೂ ಮುಕ್ತಾಯ ನಾವು ಎಲ್ಲೂ ನೋಡಿಲ್ಲ. ಯಾರ ವಿಚಾರ ಇದು?"

"ನಂದೇ" ಅಂದ ಮ್ಯಾನೇಜರ್, ಎದಿ ಉಬ್ಬಿಸಿ. ನನ್ನ ನೆತ್ತಿ ಕಾದು ಹೋತು.

"ಭಾಳ ಛಲೋ. ಕ್ಯಾಪ್ಟನ್ ಯಾಕ ಕುಂಡ್ರತಾನ?"

ಮ್ಯಾನೇಜರ್ ಎದಿ ಇಳಿಸಿ ನನ್ನ ಕಡೆ ನೋಡಿದ. ನಾ ಎದ್ದು ನಿಂತು ಹೇಳಿದೆ:

"ನಮ್ಮ ಮಾವ ಸೀನ್ಯಾರಲ್ರಿ, ಅದಕ್ಕ."

ಆಟ ಮಾರಾಟ ಆತು, ನೌಕರಿ ಪರ್ಮನೆಂಟ್ ಆತು. ಸೋಮವಾರ ಆರ್ಡರ್ ತರಾಕ ಹೊಸ ಸೀರಿ ಉಟ್ಟು, ಚಪ್ಪಲಿ ಮೆಟ್ಟಿ, ಹೊಸ್ತಿಲ ಮ್ಯಾಲೆ ಕಾಲಿಟ್ಟೆ. ಒಳಗ ಮಾವ, "ಆಕ್ಷೀ!"

ಅತ್ತಿ ಅಡಿಗಿ ಮನ್ಯಾಗ ಇದ್ರು, ಅವರಿಗೆ ಕೇಳಿರಲೇ ಇಲ್ಲ. ಚಪ್ಪಲಿ ಕಳದು ಒಗದು, ಹಲ್ಲು ಕಡಕೋತ, ನಾನೇ ಹೋಗಿ ಕುರ್ಚಿ ಮ್ಯಾಲೆ ಕುಂತು ನೀರು ಕುಡಿದೆ.