ಹೆಸರು ಕೊರೆದ ನಾದ

ಮಧ್ಯಾಹ್ನದ ಊಟವಾದ ಮೇಲೆ ನಿದ್ದೆಗೂ ಎಚ್ಚರಕ್ಕೂ ನಡುವೆ ಒಂದು ಊರು ಬರುತ್ತದೆ. ಕುರ್ಚಿಯಲ್ಲಿ ಕೂತು ತೂಕಡಿಸುವ ಅಭ್ಯಾಸವಿದ್ದವರಿಗೆಲ್ಲ ಅದು ಗೊತ್ತು. ಆ ಊರಿನಲ್ಲಿ ನಾನು ದೊಡ್ಡ ಸಂಗೀತಗಾರ. ಸುಮ್ಮನೆ ಕೈ ಆಡಿಸಿದರೆ ಸಾಕು, ಹಿಂದೆ ಯಾರೂ ಕೇಳಿರದ ನಾದವೊಂದು ಮೆಲ್ಲಗೆ ಏಳುತ್ತದೆ. ಎದ್ದು ಬಂದು ಪಕ್ಕದಲ್ಲೇ ಕೂರುತ್ತದೆ. ನನಗೆ ಕಣ್ಣಲ್ಲಿ ನೀರು ಬರುತ್ತದೆ. ತೊಂದರೆ ಏನೆಂದರೆ ಆ ಊರಿನಿಂದ ಚನ್ನರಾಯಪಟ್ಟಣಕ್ಕೆ ಬಸ್ಸಿಲ್ಲ. ‘ಸಾ, ಈ ತಪ್ಲೆಗೆ ಮುಚ್ಚಳ ಬತ್ತದಾ?’ ಎಂದು ಗಿರಾಕಿ ಕೇಳಿದ ಕೂಡಲೇ ನಾದವನ್ನು ಅಲ್ಲಿಯೇ ಬಿಟ್ಟು ಬರಿಗೈಯಲ್ಲಿ ಇಳಿದು ಬರಬೇಕು. ಇಳಿದು ಬಂದು ಮುಚ್ಚಳ ಹುಡುಕಬೇಕು.

ನನ್ನದು ಪಾತ್ರೆ ಅಂಗಡಿ. ಪಾತ್ರೆ ಮಾರುವುದು ಅರ್ಧ ಕೆಲಸ, ಪಾತ್ರೆಯ ಮೇಲೆ ಹೆಸರು ಕೊರೆಯುವುದು ಇನ್ನರ್ಧ. ಮದುವೆಗೋ ಗೃಹಪ್ರವೇಶಕ್ಕೋ ಪಾತ್ರೆ ಉಡುಗೊರೆ ಕೊಡುವವರು ನಮ್ಮ ಕಡೆ ಬರಿದೇ ಕೊಡುವುದಿಲ್ಲ, ಕಂಠದ ಸುತ್ತ ತಮ್ಮ ಹೆಸರು ಕೊರೆಸಿಯೇ ಕೊಡುತ್ತಾರೆ. ಅದಕ್ಕೊಂದು ಪುಟ್ಟ ಮಿಷನ್ನು ಇದೆ. ಅದು ಜುಂಯ್ ಎಂದು ಕೂಗುತ್ತಿರುವಾಗ ಗಿರಾಕಿ ತನ್ನ ಮಗುವಿಗೇ ನಾಮಕರಣ ನಡೆಯುತ್ತಿದೆಯೇನೋ ಎಂಬಂತೆ ಬಗ್ಗಿ ನೋಡುತ್ತಿರುತ್ತಾನೆ. ದುದ್ದದಿಂದ ಬಂದ ಒಬ್ಬರು ಒಮ್ಮೆ, ‘ಎಸ್ರು ವಸಿ ದಪ್ಪಕ್ಕೆ ಆಕಿ ಸಾ. ಅವ್ರು ನೀರು ಕುಡ್ಯೋವಾಗೆಲ್ಲ ನಾನು ಗ್ಯಾಪ್ಕ ಬರ್ಬೇಕು’ ಅಂದಿದ್ದರು. ಎಲ್ಲರ ಚೊಂಬೂ ಒಂದೇ ಕಾರ್ಖಾನೆಯ ಒಂದೇ ಅಚ್ಚಿನಲ್ಲಿ ಆದದ್ದು. ಆದರೆ ಹೆಸರು ಬಿದ್ದ ಕ್ಷಣದಿಂದ ಅದು ಬೇರೆಯದೇ ಚೊಂಬು. ಇದರಲ್ಲಿ ಇನ್ನೊಂದು ತಮಾಷೆಯಿದೆ. ನಮ್ಮ ತಾಲ್ಲೂಕಿನಲ್ಲಿ ಯಾರ ಹೆಸರಿರುವ ಪಾತ್ರೆಯೂ ಅವರ ಮನೆಯಲ್ಲಿರುವುದಿಲ್ಲ. ಊರವರ ಅಡುಗೆಮನೆಗಳಲ್ಲೆಲ್ಲ ಇರುತ್ತದೆ, ಅವರ ಮನೆಯಲ್ಲಿ ಮಾತ್ರ ಪರರ ಹೆಸರು.

ನಾವು ಜೈನರು. ಹೊತ್ತು ಮುಳುಗುವ ಮುಂಚೆ ಊಟ ಮುಗಿಯುತ್ತದೆ. ಮಿಕ್ಕವರ ಮನೆಗಳಲ್ಲಿ ಸಾರಿಗೆ ಒಗ್ಗರಣೆ ಬೀಳುವ ಹೊತ್ತಿಗೆ ನಾವು ಕೈ ತೊಳೆದು ಕೂತಿರುತ್ತೇವೆ. ಹೀಗಾಗಿ ದೇವರು ನಮಗೆ ಸಂಜೆಯನ್ನು ಬಹಳ ಉದ್ದಕ್ಕೆ ಕೊಟ್ಟಿದ್ದಾನೆ. ಆ ಉದ್ದದ ಸಂಜೆಯನ್ನು ತುಂಬಲು ನಾನು ಲ್ಯಾಪ್‌ಟಾಪಿಗೆ ಬಗೆಬಗೆಯ ನಾದ ಹುಟ್ಟಿಸುವ ಒಂದು ಸಿಂಥಸೈಜರ್ ಹಾಕಿಸಿಕೊಂಡೆ. ಪೆಟ್ಟಿಗೆಯಲ್ಲ, ಕಾಲಿಲ್ಲ, ಬರೀ ಸಾಫ್ಟ್‌ವೇರು. ಅದರಲ್ಲಿ ಯಾರೋ ಪುಣ್ಯಾತ್ಮರು ಮೊದಲೇ ಹದ ಮಾಡಿಟ್ಟ ನಾದಗಳು ರಾಶಿ ರಾಶಿ ಇವೆ. ಪ್ರಿಸೆಟ್ ಅನ್ನುತ್ತಾರೆ. ಅಂಗಡಿಯಲ್ಲಿ ಸಿಗುವ ಸಾರಿನ ಪುಡಿಯ ಹಾಗೆ: ನೀರು ಕಾಯಿಸಿ ಸುರಿದರೆ ಸಾರು. ಅದರ ಹೆಸರುಗಳೋ, ಕನ್ನಡಕ್ಕೆ ತಂದುಕೊಂಡರೆ ‘ಚಂದ್ರನ ಮೇಲಿನ ಮಂಜು’, ‘ಗಾಜಿನ ಕಾಡು’, ‘ಒಂಟಿ ತಿಮಿಂಗಿಲ’. ಚಂದ್ರನ ಮೇಲೆ ಮಂಜು ಬೀಳುವುದು ಕೇಳಿಸುತ್ತದೋ ಇಲ್ಲವೋ ನನಗೆ ತಿಳಿಯದು. ತಿಮಿಂಗಿಲಕ್ಕೂ ಚನ್ನರಾಯಪಟ್ಟಣಕ್ಕೂ ಇರುವ ದೂರ ಮಾತ್ರ ತಿಳಿದಿದೆ. ಆದರೂ ಆ ಗುಂಡಿ ಒತ್ತಿದಾಗ ಮನೆಯ ಗೋಡೆಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟ ಹಾಗಾಗುತ್ತಿತ್ತು. ಎಷ್ಟೋ ಸಂಜೆ ಒಂದು ನಾದದಿಂದ ಇನ್ನೊಂದಕ್ಕೆ ದಾಟುತ್ತ, ಏನನ್ನೂ ನುಡಿಸದೆ ಕೂತುಬಿಡುತ್ತಿದ್ದೆ. ಹೋಟೆಲಿಗೆ ಹೋಗಿ ತಿಂಡಿಯ ಬೋರ್ಡು ಓದಿಯೇ ಹೊಟ್ಟೆ ತುಂಬಿಸಿಕೊಂಡು ಬರುವವನ ಹಾಗೆ.

ಈ ಹುಚ್ಚು ಹುಚ್ಚಾಗಿಯೇ ಉಳಿದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ನನ್ನ ಹೆಂಡತಿ ಪದ್ಮಳ ಹತ್ತಿರ ಒಂದು ಹಾಡಿತ್ತು. ಪದ್ಮಳ ತವರು ಅರಕಲಗೂಡು. ಅಲ್ಲಿ ಅವಳ ಅಜ್ಜಿ ಮೊಸರು ಕಡೆಯುತ್ತ ಹೇಳುತ್ತಿದ್ದ ಹಾಡದು. ಗಂಡನ ಮನೆಗೆ ಹೊರಟ ಹುಡುಗಿಯನ್ನು ಕುರಿತದ್ದು. ಅಜ್ಜಿ ಈಗಿಲ್ಲ. ಆ ಹಾಡು ಬೇರೆ ಯಾರ ಬಾಯಲ್ಲೂ ಇಲ್ಲ. ಅರಕಲಗೂಡಿನ ಸೋದರತ್ತೆಗೆ ಫೋನು ಮಾಡಿ ಕೇಳಿದರೆ ಅವರು ಧಾಟಿ ಸರಿಯಾಗಿ ಹಿಡಿದು, ಮಾತು ಮರೆತ ಕಡೆಯಲ್ಲೆಲ್ಲ ಬಸದಿಯ ಸ್ತೋತ್ರ ಸೇರಿಸಿ ಹೇಳಿದರು. ಹುಡುಗಿ ಗಂಡನ ಮನೆಗೆ ಹೊರಟವಳು ದೀಕ್ಷೆ ತೆಗೆದುಕೊಂಡ ಹಾಗಾಯಿತು. ಹೀಗಾಗಿ ಆ ಹಾಡು ಉಳಿದಿದ್ದರೆ ಪದ್ಮಳ ತಲೆಯಲ್ಲಿ ಮಾತ್ರ. ‘ಕೆಳಗೊಂದು ಶ್ರುತಿ ಹಿಡಿದು ರೆಕಾರ್ಡ್ ಮಾಡಿಕೊಡಿ, ನಾನು ಮರೆಯೋಕೆ ಮುಂಚೆ’ ಎಂದು ಅವಳು ಕೇಳಿದಳು. ಅವಳು ಕೇಳಿದ್ದು ಅಷ್ಟೇ. ನಾನು, ‘ಇರು, ಈ ಹಾಡಿಗೆ ಅಂಗಡಿ ಪುಡಿ ಹಾಕೋದು ಬೇಡ. ನಮ್ಮದೇ ಒಂದು ನಾದ ಮಾಡ್ತೀನಿ’ ಅಂದೆ. ಗಂಡಸರು ಇಂಥ ಮಾತು ಹೇಳುವಾಗ ಹೆಂಗಸರು ತಡೆಯುವುದಿಲ್ಲ. ತಡೆದಿದ್ದರೆ ಲೋಕದ ಎಷ್ಟೋ ತೊಂದರೆ ತಪ್ಪುತ್ತಿತ್ತು.

ನಮ್ಮದೇ ನಾದ ಎಂದಾಗ ನನ್ನ ಕಿವಿಯಲ್ಲಿದ್ದದ್ದು ಒಂದೇ ಒಂದು. ಚಿಕ್ಕವನಿದ್ದಾಗ ರಜೆಗೆ ಹೊಳೆನರಸೀಪುರದ ದೊಡ್ಡಮ್ಮನ ಮನೆಗೆ ಹೋಗುತ್ತಿದ್ದೆ. ದೊಡ್ಡಮ್ಮ ಹೇಮಾವತಿ ಹೊಳೆಯ ಸೋಪಾನದ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ಪಾತ್ರೆ ಬೆಳಗುತ್ತಿದ್ದಳು. ನಾನು ನೀರಿನಲ್ಲಿ ಮುಳುಗು ಹಾಕುತ್ತಿದ್ದೆ. ಒಂದು ಸಲ ನಾನು ಮುಳುಗಿದ್ದಾಗಲೇ ಅವಳ ಕೈಯಿಂದ ಕಂಚಿನ ತಂಬಿಗೆ ಜಾರಿ, ನೀರಿನೊಳಗಿನ ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಇಳಿಯಿತು. ಆಗ ಕೇಳಿದ ನಾದವನ್ನು ಏನೆಂದು ಹೇಳಲಿ. ಠಣ್ ಅಲ್ಲ, ಗಂಟೆಯಲ್ಲ. ನೀರೇ ಬಾಯಿ ತೆರೆದು ಏನೋ ಹೇಳಲು ಹೊರಟು ಸುಮ್ಮನಾದ ಹಾಗಿತ್ತು. ಅದು ಎಲ್ಲಿಂದಲೂ ಬರಲಿಲ್ಲ, ಸುತ್ತಲೂ ಇತ್ತು, ನನ್ನ ಹಲ್ಲಿನಲ್ಲೂ ಇತ್ತು. ಉಸಿರು ಕಟ್ಟಿದರೂ ಮೇಲೆ ಬರಲು ಮನಸ್ಸಾಗಲಿಲ್ಲ. ಬಂದಾಗ, ನಾನು ಸತ್ತೇ ಹೋದೆನೆಂದು ಹೆದರಿದ್ದ ದೊಡ್ಡಮ್ಮ ಬೆನ್ನಿಗೊಂದು ಬಿಟ್ಟು, ಆಮೇಲೆ ತಂಬಿಗೆಗಾಗಿ ಅತ್ತಳು. ಅವತ್ತಿನಿಂದ ನಾನು ಮಧ್ಯಾಹ್ನದ ತೂಕಡಿಕೆಯಲ್ಲಿ ಹೋಗುವ ಊರಿನಲ್ಲಿ ಕೇಳುವುದು ಅದನ್ನೇ.

ಪಾತ್ರೆ ಅಂಗಡಿಯವನಿಗೆ ಇದು ಯಾವ ಕಷ್ಟ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತು. ಕಂಚಿನ ತಂಬಿಗೆಗಳನ್ನು ಮನೆಗೆ ತಂದು ಬಕೆಟ್ಟಿನ ನೀರಿನಲ್ಲಿ ಬೀಳಿಸಿ ಮೊಬೈಲಿನಲ್ಲಿ ಹಿಡಿದೆ. ಕೇಳಿದರೆ ಹಾಸನದ ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುವ ಸದ್ದು. ಪ್ರತಿಧ್ವನಿ ಸೇರಿಸಿದೆ, ಅದೇ ಕ್ಯಾಂಟೀನು ಗುಹೆಯೊಳಗೆ ಹೋಯಿತು. ಕಡೆಗೆ ಸೋತು ಪ್ರಿಸೆಟ್ಟುಗಳಿಗೇ ಶರಣಾದೆ. ಒಂಟಿ ತಿಮಿಂಗಿಲವನ್ನು ಹಿಡಿದು ತೆರೆಯ ಮೇಲೆ ಗುಂಡಗೆ ಕಾಣುವ ಒಂದು ನಾಬನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ತಿರುಗಿಸಿದೆ. ತಿಮಿಂಗಿಲ ಸ್ವಲ್ಪ ಒದ್ದೆಯಾಯಿತು. ಇನ್ನೊಂದು ಚೂರು ತಿರುಗಿಸಿದೆ. ಹೀಗೆ ಯುಗಾದಿ ಕಳೆಯಿತು, ದೀಪಾವಳಿ ಕಳೆಯಿತು. ಒಂದು ಸಂಜೆ ನಾಬಿನ ಮೇಲಿದ್ದ ಬೆರಳು ಹಾಗೇ ನಿಂತಿತು. ಹೊಳೆ ಬಂದಿತ್ತು! ಅಥವಾ ಬಂದಿತೆಂದು ನಾನು ತೀರ್ಮಾನಿಸಿದೆ.

ಮಾಡಿದ ನಾದವನ್ನು ಉಳಿಸುವಾಗ ಸಾಫ್ಟ್‌ವೇರು ಎರಡು ಖಾನೆ ತೋರಿಸುತ್ತದೆ. ಒಂದು ನಾದದ ಹೆಸರಿಗೆ, ಇನ್ನೊಂದು ಮಾಡಿದವರ ಹೆಸರಿಗೆ. ಎರಡನೆಯದರಲ್ಲಿ ಆಗಲೇ ಯಾವುದೋ ದೇಶದ ಯಾವನೋ ಮಹಾನುಭಾವನ ಹೆಸರಿತ್ತು. ಜನ್ಮವಿಡೀ ಬೇರೆಯವರ ಹೆಸರು ಕೊರೆದ ಕೈ ನನ್ನದು. ಅದು ಸುಮ್ಮನಿರುತ್ತದೆಯೇ? ಅವನನ್ನು ಅಳಿಸಿ ನನ್ನ ಹೆಸರು ಹಾಕಿದೆ, ನಾದಕ್ಕೆ ‘ಹೇಮಾವತಿ’ ಎಂದು ನಾಮಕರಣ ಮಾಡಿದೆ. ಕಾರ್ಖಾನೆಯ ಚೊಂಬಿಗೆ ಹೆಸರು ಬಿತ್ತು. ಆ ಕ್ಷಣದಿಂದ ಅದು ನನ್ನದೇ ಎಂಬುದರಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ. ಪದ್ಮಳನ್ನು ಕರೆದು ಕೇಳಿಸಿದೆ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿಕೊಂಡು ಕೇಳಿ, ‘ಚೆನ್ನಾಗಿದೆ. ಎಲ್ಲೋ ಕೇಳಿದ ಹಾಗಿದೆ’ ಅಂದಳು. ಒಳ್ಳೆಯ ನಾದ ಹಾಗೇ, ಪೂರ್ವಜನ್ಮದಲ್ಲಿ ಕೇಳಿದಂತಿರುತ್ತದೆ ಎಂದು ವಿವರಿಸಿದೆ. ಅವಳು ಹೂಂ ಅಂದಳು.

ಈ ನಡುವೆ ಹಾಡು ಸೋರುತ್ತಿತ್ತು. ಪದ್ಮ ಅಕ್ಕಿ ತೊಳೆಯುತ್ತ ಶುರು ಮಾಡುತ್ತಿದ್ದಳು:

ಹೊಳೆ ದಾಟಿ ಹೋಗೋಳೆ ಹಿಂದಕ್ಕೆ ನೋಡಬ್ಯಾಡ
ತಲೆಮ್ಯಾಲಿನ ಕೊಡವು ತುಳುಕೀತು – ತುಳುಕಿದರೆ
ನೆಲಪಾಲು ತವರೀನ ತಿಳಿನೀರು

ಅಲ್ಲಿಗೆ ನಿಲ್ಲುತ್ತಿತ್ತು. ‘ಆಮೇಲೆ ಮಲ್ಲಿಗೆದೊಂದು ಬರುತ್ತೆ ಕಣ್ರೀ’ ಎಂದು ಅಕ್ಕಿಯಲ್ಲಿ ಕೈಯಿಟ್ಟುಕೊಂಡು ನಿಂತುಬಿಡುತ್ತಿದ್ದಳು. ಮಲ್ಲಿಗೆ ಬರುತ್ತಿರಲಿಲ್ಲ. ನಾಳೆಯೇ ರೆಕಾರ್ಡ್ ಮಾಡಬೇಕು ಅಂದುಕೊಳ್ಳುತ್ತಿದ್ದೆ. ಆದರೆ ಹೇಮಾವತಿಗೆ ತಕ್ಕ ಸ್ಪೀಕರ್ ಬೇಡವೇ? ಹಾಸನಕ್ಕೆ ಹೋಗಿ ಅಂಗಡಿ ಅಂಗಡಿ ಸುತ್ತಿ ಸ್ಪೀಕರ್ ತಂದೆ. ಇದ್ದ ಬುದ್ಧಿಯನ್ನೆಲ್ಲ ಹೀಗೆ ಖರ್ಚು ಮಾಡಿದವನಿಗೆ ಇನ್ನು ಯಾರು ಹೇಳಬೇಕು.

ಸ್ಪೀಕರ್ ಬಂದ ಮರುದಿನ ಬೆಳಿಗ್ಗೆ, ಅಂಗಡಿಗೆ ಹೊರಡುವ ಮುಂಚೆ, ಕಿಟಕಿಗಳನ್ನೆಲ್ಲ ತೆರೆದಿಟ್ಟು ಹೇಮಾವತಿಯನ್ನು ಹರಿಯಬಿಟ್ಟೆ. ಬಿಸಿಲು ಆಗಷ್ಟೇ ಬೀದಿಗೆ ಇಳಿದಿತ್ತು. ನಾದ ಅಂಗಳ ದಾಟಿ, ತುಳಸಿ ದಾಟಿ, ಬೀದಿಯುದ್ದಕ್ಕೂ ಹಬ್ಬಿತು. ಕಣ್ಣು ಮುಚ್ಚಿ ಕೂತೆ. ನೀರು ತಲೆಯ ಮೇಲೆ ಮುಚ್ಚಿಕೊಂಡಿತು. ಎಲ್ಲೋ ತಂಬಿಗೆ ಮೆಟ್ಟಿಲಿಳಿಯುತ್ತಿತ್ತು. ಕಣ್ಣು ಬಿಟ್ಟಾಗ ಎದುರುಮನೆಯ ಜಯಮ್ಮನವರು ಬೀದಿಯಲ್ಲಿ ನಿಂತಿದ್ದರು. ಅವರ ಪಕ್ಕದಲ್ಲಿ ಇನ್ನೂ ಒಂದಿಬ್ಬರು. ನನ್ನ ನಾದ ಜನರನ್ನು ಮನೆಯಿಂದ ಹೊರಗೆ ಕರೆತಂದಿದೆ! ಆಮೇಲೆ ಅವರ ಕೈಯಲ್ಲಿದ್ದ ಬಕೆಟ್ಟುಗಳು ಕಂಡವು. ಎಲ್ಲರೂ ಬೀದಿಯ ತುದಿಯ ಕಡೆ ಕತ್ತು ಚಾಚಿ ನೋಡುತ್ತಿದ್ದರು.

‘ಕಸದ್ ಗಾಡಿ ಬಂತು ಅಂತ ಓಡ್ಬಂದೆ ಕಣಪ್ಪ, ಸದ್ದು ಐತೆ, ಗಾಡಿನೇ ಕಾಣೆ’ ಅಂದರು ಜಯಮ್ಮ.

ವಿಷಯ ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಊರಿನ ಕಸದ ಗಾಡಿ ಬೀದಿಯಲ್ಲಿ ನಿಂತಿರುವಷ್ಟು ಹೊತ್ತು ಒಂದು ಉದ್ದನೆಯ ನಾದ ಎಳೆದುಕೊಂಡಿರುತ್ತದೆ. ಹಸಿ ಕಸ ಒಣ ಕಸದ ಉಪದೇಶ ಬರುವುದು ಗಾಡಿ ಹೊರಟ ಮೇಲೆ. ಆ ನಾದ ಒಂಟಿ ತಿಮಿಂಗಿಲ. ಯಾರೋ ನನ್ನ ಹಾಗೆಯೇ ಅದೇ ಗುಂಡಿ ಒತ್ತಿದ್ದಾರೆ. ಅವರು ನಾಬ್ ತಿರುಗಿಸುವ ಗೋಜಿಗೆ ಹೋಗಿಲ್ಲ. ಇದು ಬೀದಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನ್ನೊಬ್ಬನಿಗೆ ಗೊತ್ತಿರಲಿಲ್ಲ, ಏಕೆಂದರೆ ಬೆಳಿಗ್ಗೆ ಗಾಡಿ ಬರುವ ಹೊತ್ತಿಗೂ ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಹೊಸ ನಾದ ಹುಡುಕುತ್ತಿರುತ್ತೇನೆ, ಕಸ ಹಾಕುವುದು ಪದ್ಮ. ಅವಳು ಒಳಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆ ಹಿಡಿದು ನಗುತ್ತಿದ್ದಳು. ನಿನಗೆ ಮೊದಲೇ ಗೊತ್ತಿತ್ತಾ ಎಂದು ಕೇಳಿದೆ. ‘ನೀವು ಅಷ್ಟು ಆಸೆಯಿಂದ ಹೇಮಾವತಿ ಅಂದ್ರಿ. ಹೇಗೆ ಹೇಳಲಿ?’ ಅಂದಳು. ನನಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಮಲ್ಲಿಗೆಯ ಪದ ಮರೆಯುವಷ್ಟು ಕಾಲ ನಾನು ಸವೆಸಿದ್ದು ಇದಕ್ಕೇ.

ಅಷ್ಟರಲ್ಲಿ ನಿಜವಾದ ಗಾಡಿಯೇ ಬಂತು. ಪದ್ಮ ಕಣ್ಣೊರೆಸಿಕೊಂಡು ಬಕೆಟ್ಟು ಎತ್ತಿಕೊಂಡು ಗೇಟಿಗೆ ಹೋದಳು, ಹಿಂದೆಯೇ ನಾನು. ಗಾಡಿ ನಿಂತಿತು. ತಿಮಿಂಗಿಲ ಉದ್ದಕ್ಕೆ ಎಳೆಯಿತು. ಜಯಮ್ಮನವರ ಸರದಿ ಮುಗಿಯಲೆಂದು ಕಾಯುತ್ತ ನಿಂತ ಪದ್ಮ, ತನಗೇ ತಿಳಿಯದ ಹಾಗೆ, ಆ ನಾದದ ಮೇಲೆ ಗುನುಗಲು ಶುರು ಮಾಡಿದಳು. ಹೊಳೆ ದಾಟಿತು, ಕೊಡ ತುಳುಕಿತು, ತಿಳಿನೀರು ನೆಲಪಾಲಾಯಿತು, ಆಮೇಲೆ ನಿಲ್ಲಲಿಲ್ಲ.

ಹಿತ್ತಿಲ ಮಲ್ಲೀಗೆ ಹೊತ್ತೀಗೆ ಅರಳೀತು
ಎತ್ತಿ ಮುಡಿಯೋರು ಮನೆಲಿಲ್ಲ – ಮಲ್ಲೀಗೆ
ಸುತ್ತ ನೋಡುತ್ತ ನಗಬ್ಯಾಡ

‘ಇಲ್ಲಿ ಯಾವಾಗಲೂ ಬರುತ್ತೆ ಕಣ್ರೀ. ಒಳಗೆ ಹೋದ್ರೆ ಮರೆತುಹೋಗುತ್ತೆ’ ಅಂದಳು. ದಿನಾ ಬೆಳಿಗ್ಗೆ ಗಾಡಿಯ ಶ್ರುತಿಗೆ ಆ ಹಾಡು ಗುನುಗಿಕೊಂಡೇ ಅದನ್ನು ಉಳಿಸಿಕೊಂಡಿದ್ದಳು. ನಾನು ಕೇಳಿಸಿಕೊಂಡಿರಲಿಲ್ಲ. ಲ್ಯಾಪ್‌ಟಾಪ್ ತರಲು ಓಡದೆ ಜೇಬಿನ ಮೊಬೈಲ್ ತೆಗೆದು ಹಿಡಿದದ್ದೇ ನಾನು ಈ ಇಡೀ ಪ್ರಕರಣದಲ್ಲಿ ತೋರಿಸಿದ ಬುದ್ಧಿವಂತಿಕೆ. ಇನ್ನೊಂದು ಸಲ ಹೇಳು ಅಂದೆ. ಗಾಡಿಯವನು ಏನು ತಿಳಿದನೋ, ಇಂಜಿನ್ ಆರಿಸಿ ನಾದವನ್ನು ಹಾಗೇ ಬಿಟ್ಟ. ಪದ್ಮ ಮೊದಲಿನಿಂದ ಹಾಡಿದಳು. ಅವಳು ಕೈಯಲ್ಲಿ ಬಕೆಟ್ಟು ಹಿಡಿದೇ ಇದ್ದಳು. ಆ ಬೀದಿ, ಆ ಬಿಸಿಲು, ಆ ಬಕೆಟ್ಟುಗಳು ಎಲ್ಲವೂ ನೀರಿನ ಕೆಳಗಿರುವ ಹಾಗೆ ಅಲ್ಲಾಡುತ್ತಿದ್ದವು. ನನ್ನ ಕಣ್ಣಿನಲ್ಲೇ ನೀರಿತ್ತು ಎಂದು ಆಮೇಲೆ ತಿಳಿಯಿತು.

ರೆಕಾರ್ಡಿಂಗನ್ನು ಮೊಬೈಲಿನಿಂದ ಲ್ಯಾಪ್‌ಟಾಪಿಗೆ ಹಾಕಿ ಉಳಿಸುವಾಗ ಮತ್ತೆ ಅದೇ ಖಾನೆ, ಮಾಡಿದವರ ಹೆಸರು. ಈ ಸಲ ಕೈ ಓಡಲಿಲ್ಲ. ಯಾರ ಹೆಸರು ಹಾಕಲಿ ಎಂದು ಪದ್ಮಳನ್ನು ಕೇಳಿದೆ. ‘ಅಜ್ಜಿದು’ ಅಂದಳು. ಅಜ್ಜಿಯ ಹೆಸರೇನು ಅಂದರೆ ಅಜ್ಜಿ ಅಂತಲೇ ಕರೆಯುತ್ತಿದ್ದೆವಲ್ಲ ಎಂದು ಪೇಚಿಗೆ ಬಿದ್ದಳು. ಅಟ್ಟದ ಮೇಲೆ ಪದ್ಮ ತವರಿನಿಂದ ತಂದ ಅಜ್ಜಿಯ ಪಾತ್ರೆಗಳಿವೆ, ಇಳಿಸಿ ನೋಡಿದೆವು. ಎಲ್ಲದರ ಮೇಲೂ ಕೊಟ್ಟವರ ಹೆಸರು. ಅಜ್ಜಿಯ ಹೆಸರು ಕೊರೆದ ಚೊಂಬು ಅರಕಲಗೂಡಿನ ಯಾರ ಮನೆಯಲ್ಲಿ ನೀರು ತುಂಬಿಕೊಂಡು ಕೂತಿದೆಯೋ. ಅಜ್ಜಿಯ ಹೆಸರೇ ಗೊತ್ತಿಲ್ಲವೆಂದು ಸೋದರತ್ತೆಯ ಮುಂದೆ ಹೇಳಲು ಪದ್ಮಳಿಗೆ ನಾಚಿಕೆ. ಖಾನೆಯನ್ನು ಖಾಲಿ ಬಿಟ್ಟೆ.

ಪದ್ಮ ಆ ಹಾಡನ್ನು ನೆಂಟರಿಗೆಲ್ಲ ಕಳಿಸಿದಳು. ಸಂಜೆ ಸೋದರತ್ತೆಯ ಫೋನು ಬಂತು. ಅತ್ತಿದ್ದರೆಂದು ಕಾಣುತ್ತದೆ, ಮೂಗು ಸೀಟುವುದು ಕೇಳುತ್ತಿತ್ತು. ಹಾಡಿನ ವಿಷಯ ಪದ್ಮಳ ಹತ್ತಿರ ಮುಗಿಸಿ ಫೋನನ್ನು ನನಗೆ ಕೊಡಲು ಹೇಳಿದರು. ಹಿಂದೆ ಬರುವ ಶ್ರುತಿ ಯಾವ ವಾದ್ಯದ್ದು, ಇಂಥಾದ್ದನ್ನು ತಾವು ಕೇಳಿಯೇ ಇಲ್ಲವಲ್ಲ ಎಂದು ವಿಚಾರಿಸಿದರು. ನನ್ನ ಬಾಯಿಗೆ ‘ಹೇಮಾವತಿ’ ಬಂದಿತ್ತು. ಪದ್ಮ ಎದುರಿಗೇ ನಿಂತು ನೋಡುತ್ತಿದ್ದಳು. ‘ನಮ್ಮದಲ್ಲ ಅತ್ತೆ, ದಿನಾ ಬೆಳಿಗ್ಗೆ ಬಾಗಿಲಿಗೇ ಬರುತ್ತೆ’ ಅಂದೆ.

‘ಬಾಗ್ಲಿಗೇ ಬಂದು ನುಡಿಸ್ತಾರಾ? ಪುಣ್ಯವಂತ್ರು ಕಣಪ್ಪ ನೀವು’ ಅಂದರು.

ನಾನು ಅಲ್ಲ ಅನ್ನಲಿಲ್ಲ. ಈಗ ನಮ್ಮ ಮನೆಯ ಕಸ ಹಾಕುವುದು ನಾನೇ. ಹೆಂಡತಿಯ ಕಷ್ಟ ಅರಿತ ಗಂಡ ಎಂದು ಜಯಮ್ಮನವರು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ನಾನು ಅದಕ್ಕೂ ಅಲ್ಲ ಅಂದಿಲ್ಲ. ಬೇಗ ಎದ್ದು, ಬಕೆಟ್ಟು ಹಿಡಿದು, ತುಂಬಿರಲಿ ಬಿಡಲಿ, ಗೇಟಿನ ಹತ್ತಿರ ನಿಂತು ಬೀದಿಯ ತಿರುವಿನ ಕಡೆ ಕಿವಿ ಕೊಟ್ಟಿರುತ್ತೇನೆ.