ದೇವದುರ್ಗದ ಬಾಗಿಲು ಮತ್ತು ನನ್ನ ಬಲಗೈ

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಕೈ ಎತ್ತುವ ಚಟ. ಸಭೆಯಲ್ಲಿ ಯಾರಾದರೂ "ಈ ಕೆಲಸಕ್ಕೆ ಯಾರು ಮುಂದೆ ಬರುತ್ತೀರಿ?" ಎಂದು ಕೇಳಿದರೆ ಸಾಕು, ಬುದ್ಧಿಗೆ ಸುದ್ದಿ ಮುಟ್ಟುವ ಮೊದಲೇ ನನ್ನ ಬಲಗೈ ಮೇಲೆದ್ದಿರುತ್ತದೆ. ಅದೇ ಹೊತ್ತಿಗೆ ಉಳಿದವರು ಕನ್ನಡಕ ಒರೆಸುತ್ತಲೋ ಮಿರ್ಚಿ ಭಜಿಯ ತೊಟ್ಟು ಕೀಳುತ್ತಲೋ ಇರುತ್ತಾರೆ. ಅವರ ಕೈಗಳು ಎಷ್ಟು ಸುಸಂಸ್ಕೃತವಾದವು ಎಂದು ನಾನು ಹೊಟ್ಟೆಕಿಚ್ಚು ಪಟ್ಟದ್ದುಂಟು. ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಯಜಮಾನರು ಒಮ್ಮೆ ಗಂಭೀರವಾಗಿಯೇ ಹೇಳಿದರು: "ನೀನೇ ಡಾಕ್ಟರ್ ಇದ್ದಿ. ಮೀಟಿಂಗಿಗೆ ಹೋಗೂ ಮುಂದ ಆ ಕೈಗೊಂದು ಪಟ್ಟಿ ಕಟ್ಟಿ ಕೊರಳಿಗೆ ಹಾಕ್ಕೊಂಡು ಹೋಗು." ಆಗ ಕೇಳಬೇಕಿತ್ತು, ಕೇಳಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ರಾಯಚೂರಿನ ನಮ್ಮ ವೈದ್ಯರ ಸಂಘದವರಿಗೆ ಇದ್ದಕ್ಕಿದ್ದಂತೆ ಹೆಂಗಸರ ಆರೋಗ್ಯದ ಮೇಲೆ ಕರುಣೆ ಉಕ್ಕಿ ಒಂದು ಮಹಿಳಾ ಆರೋಗ್ಯ ಸುಧಾರಣಾ ಉಪಸಮಿತಿ ಹುಟ್ಟಿತು. ಹುಟ್ಟಿದ ಮೇಲೆ ನೋಡಿದರೆ ಅದರಲ್ಲಿ ಎಲ್ಲರೂ ಗಂಡಸರು. ಒಬ್ಬ ಹೆಣ್ಣುಮಗಳಾದರೂ ಇರದಿದ್ದರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವೆಂದು ಅಧ್ಯಕ್ಷರು, ಅಂದರೆ ನಮ್ಮೂರಿನ ಹಿರಿಯ ಸರ್ಜನ್ನರು, ಸಭೆಯತ್ತ ಒಂದು ನೋಟ ಹರಿಸಿದರು. ಕೈ ಎದ್ದಿತು. ನನಗೆ ಒಪ್ಪಿಸಿದ ಜವಾಬ್ದಾರಿಗಳು ಚಹಾ, ಮಂಡಾಳೆಂಬ ಒಗ್ಗರಣೆ ಮಂಡಕ್ಕಿ, ಕೊನೆಯ ವಂದನಾರ್ಪಣೆ ಮತ್ತು ಬ್ಯಾನರ್. ಬ್ಯಾನರನ್ನು ಮಾತ್ರ ಮನಸ್ಸಿಟ್ಟು ಮಾಡಿಸಿದೆ. ದಪ್ಪ ನೀಲಿ ಬಟ್ಟೆ, ಅದರ ಮೇಲೆ ಹಳದಿ ಅಕ್ಷರದಲ್ಲಿ ಸಮಿತಿಯ ಪೂರ್ತಿ ಹೆಸರು, ಕೆಳಗೆ "ಹಾರ್ದಿಕ ಸ್ವಾಗತ". ಹೆಸರು ಉದ್ದವಾಗಿದ್ದರಿಂದ ಬಟ್ಟೆಯೂ ಉದ್ದವಾಯಿತು. ಅಧ್ಯಕ್ಷರು ಅಕ್ಷರ ಇನ್ನೂ ದಪ್ಪ ಬೇಕೆಂದದ್ದರಿಂದ ಅಗಲವೂ ಆಯಿತು.

ದೇವದುರ್ಗದಲ್ಲಿ ಸಂಘವು ಒಂದು ಹಳೆಯ ಮನೆಯನ್ನು ಬಾಡಿಗೆಗೆ ಹಿಡಿದು ಹೆರಿಗೆ ಕೇಂದ್ರವನ್ನೂ ಜತೆಗೊಂದು ಸಣ್ಣ ದವಾಖಾನೆಯನ್ನೂ ನಡೆಸುತ್ತಿತ್ತು. ಭಾನುವಾರ ಬಸ್ಸಿನಲ್ಲಿ ಧೂಳು ಕುಡಿಯುತ್ತ ಹೋಗಿ ಬಸುರಿಯರನ್ನು ಪರೀಕ್ಷಿಸಿ ಬರುವುದಕ್ಕೂ ಕೈ ಎತ್ತಿದ್ದು ನಾನೇ. ಆ ಮನೆಯಲ್ಲಿ ದಿನಾ ಇರುವ ನರ್ಸು, ಹೆರಿಗೆ ಮಂಚ ಎಲ್ಲವೂ ಇತ್ತು, ಹೆರಿಗೆ ಕೋಣೆಗೆ ಬಾಗಿಲೊಂದಿರಲಿಲ್ಲ. ಹಿಂದೆ ಇದ್ದದ್ದನ್ನು ಗೆದ್ದಲು ಚೌಕಟ್ಟು ಸಮೇತ ತಿಂದು ತೇಗಿತ್ತು. ಪಡಸಾಲೆಯಲ್ಲಿ ಇಂಜೆಕ್ಷನ್ನಿಗೆ ಕಾದು ಕುಳಿತ ಗಂಡಸರಿಗೆ ಮಂಚ ನೇರವಾಗಿ ಕಾಣುತ್ತಿತ್ತು. ಹಾಗಾಗಿ ಹೆಂಗಸರು ತೋರಿಸಿಕೊಳ್ಳಲು ಬರುತ್ತಿದ್ದರು, ಹೆರಲು ಬರುತ್ತಿರಲಿಲ್ಲ. ಅವರಲ್ಲಿ ಹುಲಿಗೆಮ್ಮ ಒಬ್ಬಳು. ಹತ್ತಿರದ ಹಳ್ಳಿಯ ಕುರಿ ಕಾಯುವವರ ಮನೆಯ ಸೊಸೆ. ಮನೆಯಲ್ಲೇ ಹೆತ್ತು ಎರಡು ಕೂಸು ಕಳೆದುಕೊಂಡಿದ್ದಳು. ಎರಡನೆಯ ಸಲವಂತೂ ರಕ್ತ ಹೋಗಿ ತಾನೂ ಹೋಗುವುದರಲ್ಲಿದ್ದಳು. ಈಗ ಮೂರನೆಯ ಬಸಿರು. "ಈ ಸಲ ಮನೆಯಲ್ಲಿ ಹೆತ್ತರೆ ನೀನೂ ಉಳಿಯುವುದಿಲ್ಲ" ಎಂದು ಗದರಿದೆ. ಅವಳು ಸೆರಗಿನ ತುದಿ ತಿರುವುತ್ತ ಬಾಗಿಲಿಲ್ಲದ ಆ ತೆರಪನ್ನೇ ನೋಡಿದಳು.

"ಬಾಗಲ ಹಚ್ಚಸ್ರಿ ಯವ್ವಾ, ಬರ್ತೀನಿ. ನಮ್ಮ ಭಾವ, ಮಾವ ಎಲ್ಲಾರೂ ಇಲ್ಲೇ ಕುಂದರ್ತಾರ. ಅವರ ಮುಂದ ಹ್ಯಾಂಗ ಮಲಗ್ಲಿ?"

ಹಚ್ಚಿಸುತ್ತೇನೆ ಎಂದೆ. ಎಷ್ಟರ ಕೆಲಸ, ಒಂದು ಬಾಗಿಲು ತಾನೇ ಎಂದುಕೊಂಡೆ. ಸಮಿತಿಗಳ ವಿಷಯ ಆಗ ನನಗೆ ಅಷ್ಟೇ ಗೊತ್ತಿದ್ದದ್ದು.

ಮೊದಲ ಸಭೆಯಲ್ಲಿ ಒಂದು ಕದದ ಬಾಗಿಲೋ ಎರಡು ಕದದ್ದೋ ಎಂಬ ಚರ್ಚೆ ಮಿರ್ಚಿ ತಣ್ಣಗಾಗುವವರೆಗೆ ನಡೆಯಿತು. ಮುಂದಿನದರಲ್ಲಿ ಬಾಗಿಲು ಒಳಗೆ ತೆರೆಯಬೇಕೋ ಹೊರಗೋ ಎಂಬುದಕ್ಕೆ ಕಣ್ಣಿನ ಡಾಕ್ಟರರೂ ಹಲ್ಲಿನ ಡಾಕ್ಟರರೂ ಮಾತು ಬಿಟ್ಟರು. ಆ ಕೋಣೆಯೊಳಗೆ ಅವರಿಬ್ಬರಿಗೂ ಏನು ಕೆಲಸವಿತ್ತೋ ದೇವರೇ ಬಲ್ಲ. ಆಮೇಲಿನ ಸಭೆಗೆ ಅಧ್ಯಕ್ಷರು ಬರಲಿಲ್ಲ. ಅದರ ನಂತರದ್ದಕ್ಕೆ ಅಧ್ಯಕ್ಷರೊಬ್ಬರೇ ಬಂದರು. ಅಷ್ಟರಲ್ಲಿ ಹುಲಿಗೆಮ್ಮನ ಹೊಟ್ಟೆ ಬೆಳೆಯುತ್ತಿತ್ತು. ಈ ಊರಿನಲ್ಲಿ ಯಾವುದಾದರೂ ಕೆಲಸ ಹೇಳಿದ ಹೊತ್ತಿಗೆ ಮುಗಿಯುವುದಿದ್ದರೆ ಅದು ಬಸಿರೊಂದೇ ಎಂದು ಮನೆಯಲ್ಲಿ ಕೂಗಾಡಿದೆ. ಯಜಮಾನರು ಹಾಸಿಗೆಯ ಹಳೆಯ ದುಪ್ಪಟಿಯನ್ನು ಹರಿದು ಕೈಪಟ್ಟಿ ಮಾಡಿಕೊಡಲೇ ಎಂದು ಕೇಳಿದರು.

ಅಂತೂ ಬಾಗಿಲು ತಯಾರಾಯಿತು. ಅದನ್ನು ನಿಲ್ಲಿಸುವ ದಿನ ಸಮಿತಿಗೆ ಸಮಿತಿಯೇ ಜೀಪು ಮಾಡಿಕೊಂಡು ದೇವದುರ್ಗಕ್ಕೆ ಬಂತು. ಅಂಗಳದ ಎರಡು ಬೇವಿನ ಮರಗಳ ನಡುವೆ ನನ್ನ ಬ್ಯಾನರು ಗಾಳಿಗೆ ಪಟಪಟ ಬಡಿಯುತ್ತಿತ್ತು. ಬಡಿಗ ಮೌನಪ್ಪ ಚೌಕಟ್ಟಿಗೆ ಅರಿಸಿನ ಕುಂಕುಮ ಹಚ್ಚಿ, ಕಾಯಿ ಹಿಡಿದುಕೊಂಡು, ಪಡಸಾಲೆಯತ್ತ ತಿರುಗಿದವನೇ ಕಾಯಿಯನ್ನು ಕೆಳಗಿಟ್ಟ. ಅಲ್ಲಿ ಸಾಲಾಗಿ ಬಸುರಿಯರು ಕುಳಿತಿದ್ದರು.

"ಬಸ್ರಿ ಹೆಣ್ಮಗಳು ಇದ್ದ ಮನ್ಯಾಗ ಬಾಗಲ ನಿಲ್ಸಂಗಿಲ್ರಿ" ಎಂದ.

ಹೆರಿಗೆ ಮನೆಯಲ್ಲಿ ಬಸುರಿಯರಿರದೆ ಬೀಗರಿರುತ್ತಾರೆಯೇ ಎಂದು ನಾನು ರೇಗಿದೆ. ಅವನು ಕದಲಲಿಲ್ಲ. ಇಷ್ಟೆಲ್ಲ ವಿಜ್ಞಾನ ಓದಿದವರಿದ್ದಾರೆ, ನನ್ನ ಪರ ಒಂದು ಮಾತಾಡುತ್ತಾರೆಂದು ಸಮಿತಿಯ ಕಡೆ ತಿರುಗಿದೆ. ಅಧ್ಯಕ್ಷರು ತಲೆದೂಗುತ್ತ, ಅವನು ಹೇಳುವುದರಲ್ಲಿ ತಪ್ಪೇನಿಲ್ಲ, ಸೊಸೆ ಬಸುರಿಯೆಂದು ನಮ್ಮ ಮನೆಯ ಮಾಳಿಗೆ ಕೆಲಸವನ್ನೂ ನಿಲ್ಲಿಸಿದ್ದೇವೆ ಎಂದರು. ಹಲ್ಲಿನ ಡಾಕ್ಟರರಿಗೆ ಒಂದು ಉಪಾಯ ಹೊಳೆಯಿತು: ಬಸುರಿಯರನ್ನೆಲ್ಲ ಒಂದು ತಾಸು ಮರದ ಕೆಳಗೆ ಕೂಡಿಸಿದರೆ ಮನೆ ಖಾಲಿಯಾದಂತಲ್ಲವೇ? ಮೌನಪ್ಪನೂ ಒಪ್ಪಿದ. ತುಂಬಿದ ಹೊಟ್ಟೆಯ ಹೆಂಗಸರು ಒಬ್ಬರ ಕೈ ಒಬ್ಬರು ಹಿಡಿದು ಎದ್ದು ಬಿಸಿಲಿಗೆ ನಡೆದರು. ಅವನು ಮತ್ತೆ ಕಾಯಿ ಎತ್ತಿಕೊಂಡ. ಆಗ ಅಂಗಳಕ್ಕೆ ಎತ್ತಿನ ಗಾಡಿ ನುಗ್ಗಿತು. ಒಳಗೆ, ಇವತ್ತು ಬಾಗಿಲು ನಿಲ್ಲುತ್ತದೆಂದು ಕೇಳಿ ಹೊರಟುಬಂದ ಹುಲಿಗೆಮ್ಮ, ಜತೆಗೆ ಅವಳ ಅತ್ತೆ, ಮಾವ, ಭಾವ; ಅವಳಿಗೆ ಬೇನೆ ಜೋರಾಗಿತ್ತು. ನಾನು ಓಡಿಹೋಗಿ ಅವಳನ್ನು ಇಳಿಸಿಕೊಂಡು ಒಳಗೆ ಒಯ್ದೆ. ಮನೆಗೆ ಬಸುರಿ ಬಂದಳೆಂದು ಮೌನಪ್ಪ ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಗೆ ನಡೆದ.

ಹುಲಿಗೆಮ್ಮ ಹೆರಿಗೆ ಕೋಣೆಯ ಹೊಸ್ತಿಲಲ್ಲೇ ನಿಂತುಬಿಟ್ಟಳು. ನೋವಿನಲ್ಲೂ ಕಣ್ಣು ಆ ತೆರಪಿನ ಮೇಲೆಯೇ. ಪಡಸಾಲೆಯಲ್ಲಿ ಸಮಿತಿಯೂ ಇತ್ತು, ಅವಳ ಭಾವ ಮಾವಂದಿರೂ ಇದ್ದರು. "ಬಾಗಲ ಹಚ್ಚಸ್ತೀನಿ ಅಂದಿದ್ರಿ" ಎಂದಳು. ಅವಳ ಅತ್ತೆ ಅಂಗಳಕ್ಕೊಮ್ಮೆ, ಕೋಣೆಗೊಮ್ಮೆ ನೋಡಿ ನನ್ನತ್ತ ತಿರುಗಿದಳು.

"ಅಷ್ಟುದ್ದ ಅರಿವಿ ಹೊರಗ ಗಾಳಿಗೆ ಬಿಟ್ಟೀರಿ. ಒಳಗ ಹೆಣ್ಮಗಳು ಬಯಲಾಗ ಹಡೀಬೇಕೇನ್ರಿ?"

ಬ್ಯಾನರನ್ನು ನಾನೇ ಬಿಚ್ಚಿದೆ. ಅಧ್ಯಕ್ಷರು "ಇನ್ನೂ ಫೋಟೋ ಆಗಿಲ್ಲ" ಎಂದದ್ದು ಕಿವಿಗೆ ಬಿತ್ತು, ಬಿದ್ದಂತೆ ತೋರಿಸಲಿಲ್ಲ. ಎರಡು ಮೊಳೆ ಬಡಿದು ಉದ್ದಕ್ಕೆ ಇಳಿಬಿಟ್ಟರೆ ಅದು ಆ ತೆರಪಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ಹೊತ್ತು ಮುಳುಗುವ ಮೊದಲು ಹಾರ್ದಿಕ ಸ್ವಾಗತದ ಹಿಂದಿನಿಂದ ಒಂದು ಕೂಸು ಅತ್ತಿತು. ಹುಲಿಗೆಮ್ಮನೂ ಉಳಿದಳು. ಮರದ ಕೆಳಗೆ ಕುಳಿತಿದ್ದವರಲ್ಲಿ ಇಬ್ಬರು ಬಂದು ಪರದೆಯನ್ನು ಮುಟ್ಟಿ ನೋಡಿ, ತಾವೂ ಇಲ್ಲಿಗೇ ಬರುತ್ತೇವೆಂದರು. ನಾನು ಮೂಲೆಗೆ ಹೋಗಿ ಅತ್ತೆ.

ಮುಂದಿನ ಸಭೆಯಲ್ಲಿ ನನ್ನನ್ನು ಹೊಗಳಿದರು. ಹೊಗಳಿ ಮುಗಿಸಿ, ಪರದೆಯೇ ಇಷ್ಟು ಚೆನ್ನಾಗಿ ನಡೆಯುತ್ತಿರುವಾಗ ಬಾಗಿಲಿನ ಅಗತ್ಯ ಇಲ್ಲವೆಂದು ಒಮ್ಮತದಿಂದ ನಿರ್ಣಯ ಮಾಡಿದರು. ನಾನು ಕಿರುಚಿದೆ, ವಿನಯವೆಂದುಕೊಂಡರು. ಮಾನ್ವಿಯ ಕೇಂದ್ರಕ್ಕೂ ಅಂಥದೇ ಒಂದು ಬೇಕು, ಸಮಿತಿಗೂ ಹೊಸ ಬ್ಯಾನರು ಬೇಕು, ಯಾರು ಬರೆಸುತ್ತೀರಿ ಎಂದು ಅಧ್ಯಕ್ಷರು ಕೇಳಿದರು. ಎಡಗೈಯಿಂದ ಬಲಗೈಯನ್ನು ಬಿಗಿಯಾಗಿ ಹಿಡಿದುಕೊಂಡೆ. ಎರಡೂ ಒಟ್ಟಿಗೆ ಎದ್ದವು.

ಎರಡು ವರ್ಷ ಕಳೆದ ಮೇಲೆ ಒಂದು ಭಾನುವಾರ ಹುಲಿಗೆಮ್ಮ ಮಗನನ್ನು ನಡೆಸಿಕೊಂಡು, ಮತ್ತೆ ಬಸುರಿಯಾಗಿ ಬಂದಳು. ತೊಳೆದು ತೊಳೆದು ಸಮಿತಿಯ ಹೆಸರು ಅಳಿಸಿತ್ತು. ಬಟ್ಟೆಯೂ ಜಾಳಾಗಿ ಆಚೆಯ ಬೆಳಕು ಈಚೆ ಬರುತ್ತಿತ್ತು. ಬಾಗಿಲು ಹಿತ್ತಲ ಗೋಡೆಗೆ ಒರಗಿತ್ತು, ಗೆದ್ದಲು ಕೆಳಗಿನಿಂದ ಶುರುಮಾಡಿತ್ತು. ಅವಳು ಪರದೆಯ ಅಂಚು ಹಿಡಿದು ನೋಡಿ, "ಯವ್ವಾ, ಬಾಗಲ ಇನ್ನಾ ಹಚ್ಚಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು. ಮುಂದಿನ ಮೀಟಿಂಗಿನಲ್ಲಿ ಕೇಳುತ್ತೇನೆ ಎಂದೆ. ಹೇಳುವಾಗ ನನ್ನ ಬಲಗೈ ತಾನಾಗಿ ಮೇಲೆದ್ದಿತ್ತು. ಹುಲಿಗೆಮ್ಮ ಅದನ್ನು ಆಶೀರ್ವಾದವೆಂದು ತಿಳಿದು, ಸೆರಗು ಹೊದ್ದು, ತಲೆ ಬಾಗಿಸಿದಳು.