ಸೂಜಿ ಚುಚ್ಚುವವನ ಸೊಂಟ

ಮನುಷ್ಯನ ಧೈರ್ಯ ಅವನು ಸೂಜಿಯ ಯಾವ ತುದಿಯಲ್ಲಿದ್ದಾನೆ ಎನ್ನುವುದರ ಮೇಲಿರುತ್ತದೆ. ಹಿಡಿಯುವ ತುದಿಯಲ್ಲಿ ನನ್ನಂಥ ಧೀರ ಇಡೀ ಲಿಂಗಸುಗೂರು ತಾಲೂಕಿನಲ್ಲಿ ಇರಲಿಲ್ಲ. ಗುರುಗುಂಟಾದ ದನದ ದವಾಖಾನೆಯಲ್ಲಿದ್ದಾಗ ಒದೆಯುವ ಹೋರಿ, ಹಾಯುವ ಎಮ್ಮೆ ಎನ್ನದೆ ದಬ್ಬಣದಂಥ ಸೂಜಿ ಇಳಿಸಿದವನು ನಾನು. ಚುಚ್ಚಿಸಿಕೊಳ್ಳುವ ತುದಿಯ ಸಂಗತಿ ಬೇರೆ. ಮನುಷ್ಯರ ದವಾಖಾನೆಯ ವಾಸನೆ ಬಂದರೆ ಸಾಕು, ನಾನು ಬಂದ ದಾರಿ ಹಿಡಿಯುತ್ತೇನೆ. ಈ ಗುಟ್ಟು ನನ್ನ ಹೆಂಡತಿ ಶಾಂತಾಳಿಗೆ ಮಾತ್ರ ಗೊತ್ತಿತ್ತು. ಅಂದರೆ ಅವಳ ತವರುಮನೆ ಸಾಲಗುಂದದಲ್ಲಿ ಎಲ್ಲರಿಗೂ ಗೊತ್ತಿತ್ತು.

ತೊಂಬತ್ತರ ದಶಕದ ಮೊದಮೊದಲಲ್ಲಿ ನನ್ನ ಸೊಂಟ ಹಿಡಿದುಕೊಂಡಿತು. ಹಿಡಿದದ್ದು ಎರಡು ವರ್ಷವಾದರೂ ಬಿಡಲಿಲ್ಲ. ಗುಳಿಗೆ ನುಂಗಿದೆ, ಎಣ್ಣೆ ತಿಕ್ಕಿಸಿಕೊಂಡೆ, ಕಾದ ಇಟ್ಟಿಗೆಯ ಶಾಖ ತೆಗೆದುಕೊಂಡೆ, ಅಗಲವಾದ ಪಟ್ಟಿ ಬಿಗಿದುಕೊಂಡೆ. ದನದ ಡಾಕ್ಟರಿಕೆ ಎಂದರೆ ಪೂರಾ ಬಗ್ಗುವ ಕೆಲಸ. ಗೊರಸು ನೋಡಬೇಕಾದರೂ ಬಗ್ಗಬೇಕು, ಕೆಚ್ಚಲು ನೋಡಬೇಕಾದರೂ ಬಗ್ಗಬೇಕು. ನಾನು ಮಾತ್ರ ಕಂಬದಂತೆ ನಿಂತು, "ಕಾಲು ಎತ್ತಿ ತೋರಸ್ರಿ" ಎಂದು ಅಪ್ಪಣೆ ಕೊಡುತ್ತಿದ್ದೆ. ಒಬ್ಬ ಕುರಿಗಾಹಿ ಮುದುಕ ನನ್ನ ಅವಸ್ಥೆ ನೋಡಿ ಇಡೀ ಕುರಿಯನ್ನೇ ಎತ್ತಿ ನನ್ನ ಎದೆಮಟ್ಟಕ್ಕೆ ಹಿಡಿದುಬಿಟ್ಟ. ಕುರಿಯ ಕಣ್ಣಲ್ಲೂ ನನ್ನ ಬಗ್ಗೆ ಮರುಕವಿತ್ತು.

ನಗುವ ಮಾತು ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಹನುಮವ್ವ ಎಂಬ ಹೆಣ್ಣುಮಗಳ ಎಮ್ಮೆ ಈಯುವಾಗ ಕರು ಅಡ್ಡ ಸಿಕ್ಕಿಕೊಂಡಿತು. ಕೂತು, ಬಗ್ಗಿ, ಕೈಹಾಕಿ ತಿರುಗಿಸಬೇಕಾದ ನಾನು ಅರ್ಧ ಬಗ್ಗಿದಲ್ಲೇ ಕೀಲು ಹಿಡಿದು ನಿಂತೆ. ಕರು ಉಳಿಯಲಿಲ್ಲ. ಹನುಮವ್ವ ಕೈ ತೊಳೆಯಲು ನೀರು ಕೊಟ್ಟು ಕಳಿಸಿದಳು. ಬೈದಿದ್ದರೆ ಆ ರಾತ್ರಿ ಊಟ ಸೇರುತ್ತಿತ್ತು. ವರ್ಷ ದಾಟಿದ ಮೇಲೆ ಅವಳೇ ದವಾಖಾನೆಗೆ ಬಂದಳು.

"ಎಮ್ಮಿ ಮತ್ತ ಗಬ್ಬ ಐತ್ರಿ ಸಾಹೇಬ್ರ. ಇನ್ನ ಎರಡು ತಿಂಗಳು ಅದ. ಈ ಸಲಾನೂ ನೀವ ಬರಬೇಕು. ಅಷ್ಟರಾಗ ಸೊಂಟ ನೆಟ್ಟಗ ಮಾಡ್ಕೊಳ್ರಿ."

ಬೇರೆ ಯಾರನ್ನಾದರೂ ಕರೆದುಕೋ ಎನ್ನಬೇಕೆಂದಿದ್ದವನು ಬರುತ್ತೇನೆಂದು ತಲೆಯಾಡಿಸಿದೆ. ಮನೆಗೆ ಬಂದು ಹೇಳಿದರೆ ಶಾಂತಾ, "ಸಿಂಧನೂರಾಗ ಸೂಜಿ ಚುಚ್ಚಿ ನೋವು ತಗಿಯೋ ಡಾಕ್ಟರ್ ಬಂದಾರಂತ. ನಮ್ಮಣ್ಣನ ಮೊಣಕಾಲಿಗೆ ಹಗೂರ ಆಗೇದ. ನಡೀರಿ" ಎಂದಳು. ಸೂಜಿ ಎಂಬ ಮಾತಿಗೇ ನನ್ನ ಸೊಂಟ ಅರ್ಧ ವಾಸಿಯಾದಂತೆ ಅನಿಸಿತು. ಅವಳು ಕೇಳಲಿಲ್ಲ.

ಅಕ್ಯುಪಂಕ್ಚರ್ ಡಾಕ್ಟರು ಸಣ್ಣ ವಯಸ್ಸಿನವರು, ಗೊಬ್ಬರದ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂರುತ್ತಿದ್ದರು. ಬೋರಲು ಮಲಗಿಸಿ ಸೂಜಿ ತೋರಿಸಿದರು. ಕೂದಲೆಳೆಯಷ್ಟೇ ಇತ್ತು, ಆದರೂ ನಾನು ಎದ್ದು ಕೂತೆ.

"ಡಾಕ್ಟರ್ರ, ಒಂದು ಮಾತ್ರಿ. ನಾವು ಎತ್ತಿಗೆ ಸುಮ್ಮನ ಚುಚ್ಚಂಗಿಲ್ಲ. ಮೂರು ಸಲ ಅಂಗೈಲೆ ಬಡೀತೀವಿ, ನಾಲ್ಕನೇದಕ್ಕ ಸೂಜಿ ಇಳಸ್ತೀವಿ. ಎತ್ತಿಗೆ ಗೊತ್ತ ಆಗಂಗಿಲ್ಲ. ನನಗೂ ಹಂಗ..."

"ನನಗ ಬಡ್ಯಾಕ ಬರಂಗಿಲ್ರೀ" ಎಂದರು ಅವರು, ನಗು ತಡೆದುಕೊಂಡು.

"ನನಗ ಬರ್ತದ. ನೀವು ಚುಚ್ರಿ" ಎಂದು ಶಾಂತಾ ಬಳೆ ಹಿಂದಕ್ಕೆ ಸರಿಸಿದಳು.

ಮೂರು ಎಂದು ನಾನು ಸ್ಪಷ್ಟವಾಗಿ ಹೇಳಿದ್ದೆ. ಅವಳ ಅಂಗೈಯಲ್ಲಿ ಹದಿನೈದು ವರ್ಷದ ಸಂಸಾರವಿತ್ತು. ಅದು ಮೂರಕ್ಕೆ ನಿಲ್ಲಲಿಲ್ಲ. "ಇನ್ನ ಸಾಕ್ರಿ ಅಕ್ಕಾರ, ಎಂಟೂ ಸೂಜಿ ಹಾಕಿದೆ" ಎಂದು ಡಾಕ್ಟರೇ ಅವಳ ಕೈ ತಡೆಯಬೇಕಾಯಿತು. ನನಗೆ ಒಂದೂ ಗೊತ್ತಾಗಿರಲಿಲ್ಲ. ಹೊರಗೆ ಸರದಿಗೆ ಕೂತಿದ್ದ ಮುಕ್ಕುಂದದ ರೈತರೊಬ್ಬರು ಒಳಗಿನ ಸದ್ದು ಕೇಳಿ, ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದು ಹೋದರಂತೆ.

ವಾರಕ್ಕೆರಡು ಸಲ ಹೋದೆ. ಸಿಂಧನೂರಿನಲ್ಲಿ ಇಳಿದ ನೋವು ಬಸ್ಸು ಮಸ್ಕಿ ದಾಟುವಷ್ಟರಲ್ಲಿ ಮತ್ತೆ ಹತ್ತಿಕೊಳ್ಳುತ್ತಿತ್ತು. ಕೆಲವು ವಾರದ ಮೇಲೆ, ಇನ್ನೂ ಮುಂದಿರುವ ಲಿಂಗಸುಗೂರು ಬಂದರೂ ನೋವು ಬರಲಿಲ್ಲ. ಒಂದು ದಿನ ಬಚ್ಚಲಲ್ಲಿ ಜಾರಿಬಿದ್ದ ಸಾಬೂನನ್ನು ಬಗ್ಗಿ ಎತ್ತಿಕೊಂಡೆ. ಎತ್ತಿಕೊಂಡ ಮೇಲೆ, ನಾನು ಬಗ್ಗಿದ್ದೆ ಎಂಬುದು ಹೊಳೆಯಿತು. ಖುಷಿಗೆ ಕೂಗಿದೆ. ಬಿದ್ದೆನೆಂದು ಶಾಂತಾ ಓಡಿ ಬಂದರೆ, ನಾನು ಒದ್ದೆ ಮೈಯಲ್ಲಿ ಸಾಬೂನು ಹಿಡಿದು ಅಳುತ್ತಿದ್ದೆ. ಸೂಜಿಯ ಗುಣವೋ, ಅರ್ಧ ಗಂಟೆ ಬಾಯಿಮುಚ್ಚಿ ಮಲಗಿದ ಗುಣವೋ, ನಾನು ತರ್ಕ ಮಾಡಲು ಹೋಗಲಿಲ್ಲ. ಎರಡು ವರ್ಷದ ನಂತರ ನನ್ನ ಮೈ ನನಗೆ ಸಿಕ್ಕಿತ್ತು, ಅಷ್ಟು ಸಾಕಾಗಿತ್ತು.

ಹನುಮವ್ವನ ಮನೆಯಿಂದ ಕರೆ ಬಂದ ಬೆಳಿಗ್ಗೆ ಗಾಡಿಯನ್ನು ನಾನೇ ಓಡಿಸಿಕೊಂಡು ಹೋದೆ. ದನದ ಹಟ್ಟಿಯ ಮುಂದೆ ಜನ. ತೋಳು ಮಡಚಿಕೊಂಡು ಒಳಗೆ ನುಗ್ಗಿದರೆ ಎಮ್ಮೆ ನನ್ನನ್ನು ಕಾಯದೆ ಆಗಲೇ ಈದು, ಕರುವನ್ನು ನೆಕ್ಕುತ್ತಿತ್ತು. ಹೆಣ್ಣುಕರು, ಗಟ್ಟಿಮುಟ್ಟಾಗಿತ್ತು. ಇಷ್ಟು ಸೂಜಿ ತಿಂದು ಬಂದವನಿಗೆ ಕೆಲಸವೇ ಇರಲಿಲ್ಲ. ಆದರೂ ನೆಲದ ಮೇಲೆ ಕೂತು, ಬಗ್ಗಿ, ಕರುವಿನ ಮೂಗು ಒರೆಸಿದೆ. ಕರು ಎರಡು ಸಲ ತತ್ತರಿಸಿ ಎದ್ದು ನಿಂತಿತು. ಯಾರೂ ಅದರ ಕಡೆ ನೋಡಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲಿತ್ತು.

"ಈಗ ನೀವು ಏಳ್ರಿ ನೋಡೂಣು" ಎಂದಳು ಹನುಮವ್ವ.

ಎದ್ದೆ, ಯಾರ ಕೈಯನ್ನೂ ಹಿಡಿಯದೆ. ಹಟ್ಟಿಯಲ್ಲಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು.

"ಎಮ್ಮಿದು ನನಗ ಚಿಂತಿ ಇರಲಿಲ್ರಿ ಸಾಹೇಬ್ರ," ಎಂದಳು ಹನುಮವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಎರಡು ತಿಂಗಳಿಂದ ದೇವರಿಗೆ ದೀಪಾ ಹಚ್ಚಿದ್ದು ನಿಮ್ಮ ಸಲುವಾಗಿ."